ಮುಕ್ತಿಸದನದ ರಮಾಬಾಯಿ

ಸೋಲಾಪುರದಿಂದ ಪುಣೆಗೆ ಹೋಗುವ ರೈಲು ದೌಂಡ ಜಂಕ್ಷನ್ ಬಿಟ್ಟ ಸ್ವಲ್ಪ ಹೊತ್ತಿಗೆ ಕೇಡಗಾವ ಎಂಬ ಚಿಕ್ಕ ನಿಲ್ದಾಣ ಬರುತ್ತದೆ. ಎಷ್ಟೋ ವೇಗದ ಗಾಡಿಗಳು ಅಲ್ಲಿ ನಿಲ್ಲುವುದಿಲ್ಲ. ಕಿಟಕಿಯ ಪಕ್ಕದಲ್ಲಿ ಕುಳಿತವರಿಗೂ ಹೆಸರಿನ ಫಲಕ ಒಮ್ಮೆ ಕಣ್ಣಿಗೆ ಬಿದ್ದು ಮಾಯವಾಗುತ್ತದೆ. ಈ ಊರಿನ ಬಯಲಿನಲ್ಲಿ ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಒಬ್ಬ ವಿಧವೆ ಬಾವಿ ತೋಡಿಸಿ, ಗಿಡ ನೆಡಿಸಿ, ಬರಗಾಲದಲ್ಲಿ ದಿಕ್ಕಿಲ್ಲದವರಾಗಿದ್ದ ನೂರಾರು ಹೆಣ್ಣುಮಕ್ಕಳಿಗೆ ಮನೆ ಕಟ್ಟಿದರು. ಅವರೇ ಪಂಡಿತಾ ರಮಾಬಾಯಿ.

ಕೇಡಗಾವಕ್ಕೆ ಬರುವ ಮೊದಲೇ ಅವರ ಹೆಸರು ಕಲಕತ್ತೆಯಿಂದ ಅಮೆರಿಕೆಯವರೆಗೆ ಹಬ್ಬಿತ್ತು. ಸಂಸ್ಕೃತದ ವಿದ್ವಾಂಸರು ಅವರಿಗೆ ಬಿರುದು ಕೊಟ್ಟಿದ್ದರು. ದೊಡ್ಡ ದೊಡ್ಡ ಸಭೆಗಳು ಅವರ ಮಾತಿಗಾಗಿ ಕಾಯುತ್ತಿದ್ದವು. ಅಂಥವರು ತಮ್ಮ ಬದುಕಿನ ಕೊನೆಯ ಇಪ್ಪತ್ತೈದು ವರ್ಷಗಳನ್ನು ಒಂದು ಒಣ ಬಯಲಿನಲ್ಲಿ, ಹೊರಗಿನ ಗದ್ದಲಕ್ಕೆ ಬೆನ್ನು ಮಾಡಿ ಕಳೆದರು. ದೇವರು ತಮಗೆ ಒಪ್ಪಿಸಿದ್ದಾನೆಂದು ನಂಬಿದ ಕೆಲಸಕ್ಕಾಗಿ, ಮನಸ್ಸನ್ನು ಅತ್ತಿತ್ತ ಎಳೆಯುವ ಸಂಗತಿಗಳನ್ನು ಅವರು ಒಂದೊಂದಾಗಿ ಬಿಟ್ಟರು. ಬಿಡುವುದು ಸುಲಭವಾಗಿರಲಿಲ್ಲ. ಕೆಲವನ್ನು ತಾವೇ ಕೈಯಾರೆ ಬಿಟ್ಟರು. ಕೆಲವನ್ನು ಕಾಲ ಅವರಿಂದ ಕಿತ್ತುಕೊಂಡಿತು.

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ದಟ್ಟ ಕಾಡು ಅದು. ಇಂದು ಆ ಜಾಗ ಕರ್ನಾಟಕದಲ್ಲಿದೆ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸೀಮೆಯ ಚಿತ್ಪಾವನ ಮನೆತನದವರು. ಹುಡುಗರಾಗಿದ್ದಾಗ ಅವರು ಪುಣೆಗೆ ಹೋಗಿ ರಾಮಚಂದ್ರಶಾಸ್ತ್ರಿಗಳೆಂಬ ಗುರುಗಳ ಬಳಿ ಕಲಿತರು. ಆ ಗುರುಗಳು ಪೇಶ್ವೆ ಎರಡನೆಯ ಬಾಜೀರಾಯನ ರಾಣಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಒಬ್ಬ ಹೆಂಗಸು ಶ್ಲೋಕಗಳನ್ನು ಸ್ಪಷ್ಟವಾಗಿ ಹೇಳುವುದನ್ನು ಕೇಳಿ ಬೆರಗಾದ ಹುಡುಗ, ತಾನೂ ತನ್ನ ಹೆಂಡತಿಗೆ ಹೀಗೆಯೇ ಕಲಿಸಬೇಕೆಂದು ಅಂದೇ ನಿಶ್ಚಯ ಮಾಡಿಕೊಂಡ.

ಆ ನಿಶ್ಚಯ ನಡೆದದ್ದು ಬಹಳ ವರ್ಷಗಳ ಮೇಲೆ. ಮೊದಲ ಹೆಂಡತಿ ತೀರಿಕೊಂಡ ಬಳಿಕ ಲಕ್ಷ್ಮೀಬಾಯಿ ಎಂಬ ಎಳೆಯ ಹುಡುಗಿಯೊಡನೆ ಅವರ ಮದುವೆಯಾಯಿತು. ಹೆಣ್ಣಿಗೆ ಶಾಸ್ತ್ರ ಕಲಿಸುವುದನ್ನು ಮನೆಯವರೂ ಊರವರೂ ಒಪ್ಪಲಿಲ್ಲ. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ಅನಂತಶಾಸ್ತ್ರಿಗಳು ತಮ್ಮ ನಡತೆ ಶಾಸ್ತ್ರಕ್ಕೆ ವಿರುದ್ಧವಲ್ಲವೆಂದು ವಾದಿಸಬೇಕಾಯಿತು. ಕೊನೆಗೆ ಅವರು ಹೆಂಡತಿಯೊಡನೆ ಗಂಗಾಮೂಲದ ಕಾಡು ಸೇರಿ ಆಶ್ರಮ ಕಟ್ಟಿಕೊಂಡರು. ಕಲಿಯಬೇಕೆಂದು ಬಂದ ಹುಡುಗರಿಗೂ ಅಲ್ಲಿ ಊಟ, ಪಾಠ ಎರಡೂ ಸಿಗುತ್ತಿದ್ದವು. ಹೀಗೆ ಬಂದವರಿಗೆಲ್ಲ ಉಣಬಡಿಸಿ ಸಂಪಾದನೆ ಕರಗಿತು. ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗ ಸಂಸಾರ ಆಶ್ರಮವನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಒಬ್ಬಾಳು ತಲೆಯ ಮೇಲೆ ಹೊತ್ತು ಘಟ್ಟವಿಳಿದನಂತೆ. ಆ ದಿನದಿಂದ ಮುಂದೆ ಎಷ್ಟೋ ವರ್ಷ ರಮಾಬಾಯಿಯವರಿಗೆ ಸ್ವಂತ ಊರೆಂಬುದು ಇರಲಿಲ್ಲ.

ನಡೆಯುವ ದಾರಿಯೇ ಅವರ ಶಾಲೆ, ತಾಯಿಯೇ ಗುರು. ಹನ್ನೆರಡು ವರ್ಷ ತುಂಬುವಾಗ ಭಾಗವತದ 18,000 ಶ್ಲೋಕಗಳು ಬಾಯಿಗೆ ಬಂದಿದ್ದವು. ಮನೆಯ ಮಾತು ಮರಾಠಿ. ಸಂಚಾರದಲ್ಲಿ ಕನ್ನಡ, ಹಿಂದಿ, ಬಂಗಾಳಿ ಭಾಷೆಗಳನ್ನು ಕಲಿತರು. ದೇವಸ್ಥಾನದ ಪ್ರಾಂಗಣದಲ್ಲಿ ಕುಳಿತು ಪುರಾಣ ಓದುವುದು, ಕೇಳಿದವರು ಇಟ್ಟ ಕಾಣಿಕೆಯಿಂದ ಹೊಟ್ಟೆ ಹೊರೆಯುವುದು ಆ ಸಂಸಾರದ ರೀತಿ. ಬಂದುದರಲ್ಲಿ ಬಹುಪಾಲು ದಾನಕ್ಕೂ ವ್ರತಕ್ಕೂ ಹೋಗುತ್ತಿತ್ತು.

1870ರ ದಶಕದಲ್ಲಿ ದಕ್ಷಿಣ ದೇಶಕ್ಕೆ ಬರ ಬಂತು. ಪುರಾಣ ಕೇಳುವವರ ಕೈಯಲ್ಲಿಯೇ ಕಾಳಿಲ್ಲದಾಗ ಪುರಾಣಿಕರಿಗೆ ಕೊಡುವವರು ಯಾರು? ಇದ್ದ ಒಡವೆ, ಪಾತ್ರೆಗಳು ಮಾರಿಹೋದವು. ಕೂಲಿ ಮಾಡಲು ಕೈಗೆ ಅಭ್ಯಾಸವಿರಲಿಲ್ಲ. ಬೇಡಲು ಮನಸ್ಸು ಒಪ್ಪಲಿಲ್ಲ. ಕಾಡಿನ ಎಲೆಗಳನ್ನು ತಿಂದು ದಿನ ಕಳೆದದ್ದೂ ಉಂಟು. ಮೊದಲು ತಂದೆ, ಸ್ವಲ್ಪ ದಿನಗಳಲ್ಲಿಯೇ ತಾಯಿ, ಆಮೇಲೆ ಅಕ್ಕ ಕೃಷ್ಣಾಬಾಯಿ ತೀರಿಕೊಂಡರು. ತಾಯಿಯ ಶವ ಹೊರಲು ನಾಲ್ಕು ಜನ ಸೇರಲಿಲ್ಲ. ಅಣ್ಣ ಶ್ರೀನಿವಾಸನೊಡನೆ ಇಬ್ಬರು ಬಂದರು. ನಾಲ್ಕನೆಯವರಾಗಿ ರಮಾಬಾಯಿಯೇ ಚಟ್ಟಕ್ಕೆ ಕೈಕೊಟ್ಟರು. ಎತ್ತರ ಕಡಿಮೆಯಾದುದರಿಂದ ಹೆಗಲಿಗೆ ನಿಲುಕದೆ ತಲೆಯ ಮೇಲೆ ಹೊತ್ತು ನಡೆದರು. ಆಗ ಅವರ ವಯಸ್ಸು ಇಪ್ಪತ್ತೂ ಆಗಿರಲಿಲ್ಲ.

ಉಳಿದ ಅಣ್ಣತಂಗಿಯರು ದೇಶದ ಉದ್ದಕ್ಕೂ ನಡೆದರು. ಕಾಶ್ಮೀರದವರೆಗೂ ಹೋದರು. ಸುಮಾರು 4000 ಮೈಲಿ ಕಾಲ್ನಡಿಗೆಯಾಯಿತು. ಪಂಜಾಬಿನ ಚಳಿಯಲ್ಲಿ ಹೊದೆಯಲು ಬಟ್ಟೆಯಿಲ್ಲದೆ ಝೇಲಮ್ ನದಿಯ ದಂಡೆಯ ಮರಳಿನಲ್ಲಿ ಗುಂಡಿ ತೋಡಿ, ಕತ್ತಿನವರೆಗೆ ಮರಳು ಮುಚ್ಚಿಕೊಂಡು ರಾತ್ರಿ ಕಳೆದರು. ಈ ಅಲೆದಾಟದಲ್ಲಿ ಹಳೆಯ ವ್ರತನಿಯಮಗಳ ಮೇಲಿನ ನಂಬಿಕೆ ಸವೆಯಿತು. ತಾಯಿತಂದೆಗಳು ಅಷ್ಟು ನಿಷ್ಠೆಯಿಂದ ಮಾಡಿದ ಯಾತ್ರೆ, ದಾನ, ಉಪವಾಸಗಳಿಗೆ ಫಲವೇನು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ನಂಬಿಕೆ ಹೋಯಿತು, ದೇವರನ್ನು ಕಾಣಬೇಕೆಂಬ ಹಸಿವು ಮಾತ್ರ ಹೋಗಲಿಲ್ಲ.

1878ರಲ್ಲಿ ಅವರು ಕಲಕತ್ತೆಗೆ ಬಂದರು. ಇಪ್ಪತ್ತು ವರ್ಷದ, ಮದುವೆಯಾಗದ ಒಬ್ಬ ಹುಡುಗಿ ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತಾಡುವುದನ್ನು ಆ ಪಟ್ಟಣ ಕಂಡಿರಲಿಲ್ಲ. ವಿದ್ವಾಂಸರು ಪರೀಕ್ಷಿಸಿ ಪಂಡಿತಾ ಎಂಬ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. ಪತ್ರಿಕೆಗಳು ಬರೆದವು, ಸಭೆಗಳು ಕರೆದವು. ಹಸಿದು ನಡೆದು ಬಂದವರಿಗೆ ಈ ಮೆಚ್ಚಿಕೆ ಎಷ್ಟು ಸಿಹಿಯಾಗಿದ್ದೀತು ಎಂದು ನಾವು ಊಹಿಸಬಹುದು. ಆದರೆ ಇದೇ ಕಾಲದಲ್ಲಿ ಹೆಣ್ಣಿನ ಧರ್ಮದ ಬಗ್ಗೆ ಉಪನ್ಯಾಸ ಮಾಡಲೆಂದು ಧರ್ಮಶಾಸ್ತ್ರಗಳನ್ನು ಓದುತ್ತ ಹೋದಂತೆ, ಅವುಗಳಲ್ಲಿ ಹೆಣ್ಣಿಗೆ ಕೊಟ್ಟ ಸ್ಥಾನ ಅವರನ್ನು ಕಲಕಿತು. ಬ್ರಹ್ಮಸಮಾಜದ ಕೇಶವಚಂದ್ರ ಸೇನರು ವೇದವನ್ನು ಓದಲು ಹೇಳಿ ಪುಸ್ತಕವನ್ನೂ ಕೊಟ್ಟರು. ಅಲ್ಲಿಯೂ ಅವರ ಹುಡುಕಾಟ ಮುಗಿಯಲಿಲ್ಲ.

1880ರಲ್ಲಿ ಅಣ್ಣ ಢಾಕಾದಲ್ಲಿ ತೀರಿಕೊಂಡನು. ಅದೇ ವರ್ಷ ರಮಾಬಾಯಿ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. ಅವರು ಬೇರೆ ಜಾತಿಯವರು. ಮದುವೆ ಆದದ್ದು ಸರಕಾರಿ ಕಾನೂನಿನ ಪ್ರಕಾರ. ಅಸ್ಸಾಮಿನ ಸಿಲ್ಚಾರದಲ್ಲಿ ಅವರ ಸಂಸಾರ ನಡೆಯಿತು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. ಗಂಡನ ಪುಸ್ತಕಗಳ ನಡುವೆ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆಯ ಪ್ರತಿಯೊಂದು ರಮಾಬಾಯಿಯವರಿಗೆ ಸಿಕ್ಕಿತು. ಅದನ್ನು ಅವರು ಆಸಕ್ತಿಯಿಂದ ಓದಿದರು. ಗಂಡನಿಗೆ ಇದು ಅಷ್ಟು ಹಿಡಿಸಲಿಲ್ಲ. 1882ರ ಫೆಬ್ರವರಿಯಲ್ಲಿ ಕಾಲರಾ ಬೇನೆ ಆ ಮನೆಯನ್ನೂ ಮುರಿಯಿತು. ಕಂಕುಳಲ್ಲಿ ಕೂಸನ್ನು ಎತ್ತಿಕೊಂಡ ಇಪ್ಪತ್ತನಾಲ್ಕು ವರ್ಷದ ವಿಧವೆ ಪುಣೆಗೆ ಬಂದರು.

ಪುಣೆ ಅವರನ್ನು ಗೌರವದಿಂದ ಬರಮಾಡಿಕೊಂಡಿತು. ನ್ಯಾಯಮೂರ್ತಿ ರಾನಡೆಯಂಥವರು ಬೆಂಬಲಕ್ಕೆ ನಿಂತರು. ರಮಾಬಾಯಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸ್ತ್ರೀಧರ್ಮನೀತಿ ಎಂಬ ಪುಸ್ತಕ ಬರೆದರು. ಶಿಕ್ಷಣದ ವಿಚಾರಣೆಗೆ ಬಂದ ಹಂಟರ್ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಹೆಣ್ಣು ಶಿಕ್ಷಕಿಯರೂ ಹೆಣ್ಣು ವೈದ್ಯರೂ ಬೇಕೆಂದು ಸಾಕ್ಷ್ಯ ನುಡಿದರು. ತಾವೇ ವೈದ್ಯವಿದ್ಯೆ ಕಲಿಯಬೇಕೆಂಬ ಆಸೆ ಅವರಿಗಿತ್ತು. ಪುಸ್ತಕ ಮಾರಿದ ಹಣದಿಂದ ಹಡಗಿನ ದಾರಿಖರ್ಚು ಹೊಂದಿಸಿಕೊಂಡು 1883ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೋದರು. ಅಲ್ಲಿ ಆ ಆಸೆ ಮುರಿದುಬಿತ್ತು. ಅವರಿಗೆ ಕಿವಿ ಮಂದವಾಗಿತ್ತು. ವೈದ್ಯ ಶಿಕ್ಷಣಕ್ಕೆ ಅದು ಅಡ್ಡಿಯಾಯಿತು.

ಇಂಗ್ಲೆಂಡಿನಲ್ಲಿ ಅವರು ವಾಂಟೇಜ್ ಎಂಬ ಊರಿನ ಕ್ರೈಸ್ತ ಸಂನ್ಯಾಸಿನಿಯರ ಮಠದಲ್ಲಿ ಉಳಿದಿದ್ದರು. ಈ ಸಂನ್ಯಾಸಿನಿಯರು ಲಂಡನ್ನಿನ ಫುಲ್ಹಮ್‌ನಲ್ಲಿ ಒಂದು ಆಶ್ರಯಧಾಮ ನಡೆಸುತ್ತಿದ್ದರು. ಸಮಾಜ ಕೆಟ್ಟವರೆಂದು ದೂರ ತಳ್ಳಿದ ಹೆಂಗಸರನ್ನು ಅಲ್ಲಿ ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದುದನ್ನು ಕಂಡು ರಮಾಬಾಯಿ ಬೆರಗಾದರು. ಇಂಥವರ ಮೇಲೆ ಇಷ್ಟು ಕನಿಕರ ಎಲ್ಲಿಂದ ಬಂತೆಂದು ವಿಚಾರಿಸಿದಾಗ, ಯೇಸುಸ್ವಾಮಿ ಸಮಾರ್ಯದ ಹೆಂಗಸಿನೊಡನೆ ಬಾವಿಯ ಬಳಿ ಮಾತಾಡಿದ ಕಥೆಯನ್ನು ಒಬ್ಬ ಸಹೋದರಿ ಓದಿ ತಿಳಿಸಿದರು. ಆ ಕಥೆ ಅವರ ಮನಸ್ಸಿನಲ್ಲಿ ನೆಟ್ಟಿತು. 1883ರ ಸೆಪ್ಟೆಂಬರ್ 29ರಂದು ಅವರೂ ಮಗಳೂ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು.

ಈ ಸುದ್ದಿ ಪುಣೆಯ ಗೆಳೆಯರಿಗೆ ಬಹಳ ನೋವು ಕೊಟ್ಟಿತು. ಹಾಗೆಂದು ಇಂಗ್ಲೆಂಡಿನ ಹಿರಿಯರಿಗಾದರೂ ರಮಾಬಾಯಿ ಸುಲಭವಾಗಿ ಒಗ್ಗಲಿಲ್ಲ. ಸಭೆಯ ಹಿರಿಯರು ಹೇಳಿದ್ದೆಲ್ಲವನ್ನೂ ಪ್ರಶ್ನೆಯಿಲ್ಲದೆ ಒಪ್ಪಬೇಕೆಂಬುದನ್ನು ಅವರು ಸ್ವೀಕರಿಸಲಿಲ್ಲ. ಸತ್ಯವೇದವನ್ನು ತಾವೇ ಓದಿ, ತಮ್ಮ ಅಂತರಂಗಕ್ಕೆ ಸರಿ ಕಂಡುದನ್ನು ನಂಬುವ ಹಕ್ಕು ತಮಗಿದೆಯೆಂದರು. ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಏಕೆ, ನಮ್ಮ ಜನರಿಗೆ ಸಂಸ್ಕೃತವಾದರೆ ಹತ್ತಿರವಲ್ಲವೇ ಎಂದು ಕೇಳಿದರು. ಸೀರೆ ಬಿಡಲಿಲ್ಲ, ಸಸ್ಯಾಹಾರವನ್ನೂ ಬಿಡಲಿಲ್ಲ. ಅವರನ್ನು ಮಗಳಂತೆ ಕಾಣುತ್ತಿದ್ದ ಸಹೋದರಿ ಜೆರಾಲ್ಡಿನ್ ಅವರೊಡನೆ ಈ ವಿಷಯಗಳ ಮೇಲೆ ಪತ್ರಗಳಲ್ಲಿ ದೀರ್ಘ ವಾದವೇ ನಡೆಯಿತು. ಈ ನಡುವೆ ಚೆಲ್ಟನ್‌ಹಮ್ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದರು. ತಾವು ಗಣಿತ, ವಿಜ್ಞಾನ ಕಲಿತರು.

1886ರಲ್ಲಿ ಅವರು ಅಮೆರಿಕೆಗೆ ಹೋದರು. ಫಿಲಡೆಲ್ಫಿಯಾದಲ್ಲಿ ಆನಂದೀಬಾಯಿ ಜೋಶಿಯವರು ವೈದ್ಯಕೀಯ ಪದವಿ ಪಡೆಯುವ ಸಮಾರಂಭಕ್ಕೆಂದು ಹೋದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಯೇ ನಿಂತರು. ಊರೂರು ತಿರುಗಿ ನಮ್ಮ ದೇಶದ ಬಾಲವಿಧವೆಯರ ಸ್ಥಿತಿಯನ್ನು ವಿವರಿಸಿದರು. ಮೇಲುಜಾತಿಯ ಹಿಂದೂ ಹೆಂಗಸಿನ ಬಾಳನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕದ ಸಾವಿರಾರು ಪ್ರತಿಗಳು ಖರ್ಚಾದವು. ಬಾಸ್ಟನ್ನಿನಲ್ಲಿ ಅವರ ಹೆಸರಿನ ಒಂದು ಸಂಘ ಹುಟ್ಟಿ, ವಿಧವೆಯರ ಶಾಲೆಗೆ ಹತ್ತು ವರ್ಷ ಹಣ ಕೊಡುವುದಾಗಿ ಒಪ್ಪಿಕೊಂಡಿತು.

1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯ ಹತ್ತಿರ ಶಾರದಾಸದನ ಪ್ರಾರಂಭವಾಯಿತು. ಮೊದಲಿಗೆ ಇದ್ದವರು ಇಬ್ಬರೇ ವಿದ್ಯಾರ್ಥಿನಿಯರು. ಅವರಲ್ಲಿ ಗೋದೂಬಾಯಿ ಎಂಬ ವಿಧವೆ ಮುಂದೆ ಧೋಂಡೋ ಕೇಶವ ಕರ್ವೆಯವರ ಕೈಹಿಡಿದರು. ವಿಧವಾವಿವಾಹಕ್ಕೆ ಊರು ಬಹಿಷ್ಕಾರ ಹಾಕುತ್ತಿದ್ದ ಕಾಲವದು. 1890ರಲ್ಲಿ ಸದನ ಪುಣೆಗೆ ಬಂತು. ಓದು, ಬರಹ, ಕೈಕೆಲಸದ ಜೊತೆಗೆ ತಲೆಯೆತ್ತಿ ನಡೆಯುವುದನ್ನೂ ಹುಡುಗಿಯರು ಅಲ್ಲಿ ಕಲಿತರು. ಯಾರ ಧರ್ಮಕ್ಕೂ ಕೈಹಾಕುವುದಿಲ್ಲವೆಂಬ ಮಾತಿನ ಮೇಲೆ ಸದನ ನಡೆಯುತ್ತಿತ್ತು. ರಾನಡೆ, ಭಾಂಡಾರಕರ ಮೊದಲಾದ ಹಿರಿಯರು ಸಲಹಾ ಮಂಡಳಿಯಲ್ಲಿದ್ದರು.

ಹೊರಗಿನಿಂದ ನೋಡಿದರೆ ಎಲ್ಲವೂ ಸರಿಯಾಗಿತ್ತು. ಒಳಗೆ ಮಾತ್ರ ರಮಾಬಾಯಿಯವರಿಗೆ ಸಮಾಧಾನವಿರಲಿಲ್ಲ. ಕ್ರೈಸ್ತಳಾಗಿ ಎಂಟು ವರ್ಷ ಕಳೆದಿವೆ. ಹಲವು ಪಂಗಡಗಳ ತತ್ತ್ವ ತಿಳಿದಿದೆ, ವಾದ ಮಾಡಲು ಬರುತ್ತದೆ, ಸಂಸ್ಥೆ ಬೆಳೆಯುತ್ತಿದೆ. ಹೀಗಿದ್ದೂ ಧರ್ಮವೊಂದು ಸಿಕ್ಕಿತೇ ಹೊರತು ಕ್ರಿಸ್ತನೇ ಸಿಗಲಿಲ್ಲವೆಂದು ಅವರಿಗೆ ಅನ್ನಿಸತೊಡಗಿತು. 1891ರ ಸುಮಾರಿಗೆ ಅವರು ಈ ವಾದಗಳನ್ನೆಲ್ಲ ಬದಿಗಿಟ್ಟರು. ತಮ್ಮ ಪಾಂಡಿತ್ಯವಾಗಲಿ ಒಳ್ಳೆಯ ಕೆಲಸವಾಗಲಿ ದೇವರ ಮುಂದೆ ಹಿಡಿಯಲು ಸಾಲದೆಂದು ಒಪ್ಪಿಕೊಂಡು, ಬರಿಗೈಯಲ್ಲಿ ಯೇಸುವನ್ನು ನಂಬಿದರು. ತಮ್ಮ ನಿಜವಾದ ತಿರುವು ದೀಕ್ಷಾಸ್ನಾನದ ದಿನವಲ್ಲ, ಇದು ಎಂದು ಅವರು ಮುಂದೆ ಬರೆದಿದ್ದಾರೆ.

ಈ ಬದಲಾವಣೆಯ ಬೆಲೆಯನ್ನು ಅವರು ಬೇಗನೆ ತೆರಬೇಕಾಯಿತು. ಅವರು ಮಗಳೊಡನೆ ಪ್ರಾರ್ಥನೆ ಮಾಡುವಾಗ ಕೋಣೆಯ ಬಾಗಿಲು ತೆರೆದೇ ಇರುತ್ತಿತ್ತು. ಕೆಲವು ಹುಡುಗಿಯರು ಬಂದು ಕುಳಿತುಕೊಳ್ಳುತ್ತಿದ್ದರು. ಕೇಸರಿ ಪತ್ರಿಕೆ ಸದನವನ್ನು ಬಲವಾಗಿ ಟೀಕಿಸಿತು. ಕರೆಯದೆ ಬಂದವರನ್ನು ನಾನೇಕೆ ತಳ್ಳಲಿ ಎಂಬುದು ರಮಾಬಾಯಿಯವರ ನಿಲುವು. ಎಳೆಯ ಹುಡುಗಿಯರಿಗೆ ತೆರೆದ ಬಾಗಿಲೇ ಒಂದು ಕರೆಯಲ್ಲವೇ ಎಂಬುದು ಪಾಲಕರ ಅಳಲು. ನಂಬಿ ಮಕ್ಕಳನ್ನು ಕಳಿಸಿದವರ ಅಳಲನ್ನು ಹುರುಳಿಲ್ಲದ್ದೆಂದು ಹೇಳಲಾಗದು. ಮುಂದೆ ಕೆಲವು ಹುಡುಗಿಯರು ಕ್ರೈಸ್ತ ಧರ್ಮ ಸ್ವೀಕರಿಸಿದ್ದೂ ನಿಜ. 1893ರಲ್ಲಿ ಸಲಹಾ ಮಂಡಳಿಯ ಹಿರಿಯರು ರಾಜೀನಾಮೆ ಕೊಟ್ಟರು. ಹಲವು ಪಾಲಕರು ಮಕ್ಕಳನ್ನು ಕರೆದೊಯ್ದರು. ಹತ್ತು ವರ್ಷದ ಹಿಂದೆ ಹಾರ ಹಾಕಿ ಕರೆದ ಪುಣೆಯ ಬಾಗಿಲುಗಳು ಮುಚ್ಚಿಕೊಂಡವು. ಬಾಗಿಲು ಮುಚ್ಚಿ ಪ್ರಾರ್ಥಿಸಿದ್ದರೆ ಆ ಗೌರವವೆಲ್ಲ ಉಳಿಯುತ್ತಿತ್ತೇನೋ. ಅವರು ಗೌರವವನ್ನು ಬಿಟ್ಟರು. ಪುಣೆಯೂ ಕಳೆದುಕೊಂಡದ್ದು ಕಡಿಮೆಯಲ್ಲ. ಓದು ಅರ್ಧಕ್ಕೆ ನಿಂತು ಮನೆಗೆ ಮರಳಿದ ಹುಡುಗಿಯರ ಕಷ್ಟವನ್ನು ಯಾರೂ ಲೆಕ್ಕ ಹಿಡಿಯಲಿಲ್ಲ.

ಅಮೆರಿಕೆಯ ಹಣ ಹತ್ತು ವರ್ಷಕ್ಕೆ ಮುಗಿಯುವುದಿತ್ತು. ಸದನ ತನ್ನ ಕಾಲ ಮೇಲೆ ನಿಲ್ಲಬೇಕೆಂದು ರಮಾಬಾಯಿ ಕೇಡಗಾವದಲ್ಲಿ ಸುಮಾರು ನೂರು ಎಕರೆ ಭೂಮಿ ಕೊಂಡು ಹಣ್ಣಿನ ಗಿಡ ನೆಡಿಸಿದ್ದರು. ಆಗ ಅದು ಬರಿಯ ತೋಟ. 1896ರಲ್ಲಿ ಮಧ್ಯಪ್ರಾಂತದಲ್ಲಿ ಬರಗಾಲ ಬಿತ್ತು. ಸುದ್ದಿ ಓದುತ್ತಲೇ ಇಪ್ಪತ್ತು ವರ್ಷದ ಹಿಂದಿನ ತಮ್ಮ ಹಸಿವು ಅವರ ಕಣ್ಣಿಗೆ ಕಟ್ಟಿತು. ತಾಯಿಯ ಚಟ್ಟ ಹೊತ್ತ ತಲೆ ಅದನ್ನು ಹೇಗೆ ಮರೆತೀತು? ತಾವೇ ಆ ಪ್ರಾಂತಕ್ಕೆ ಹೋದರು. ಪರಿಹಾರದ ಶಿಬಿರಗಳಲ್ಲಿ, ದಾರಿಬದಿಯ ಮರದಡಿಯಲ್ಲಿ ಎಲುಬಿನ ಗೂಡಾಗಿದ್ದ ಹುಡುಗಿಯರನ್ನು ಕಂಡರು. ಆ ಹುಡುಗಿಯರ ಸುತ್ತ ಕೆಟ್ಟ ಉದ್ದೇಶದ ಜನ ಸುಳಿದಾಡುವುದನ್ನೂ ಕಂಡರು. ಕೆಲವು ತಿಂಗಳುಗಳಲ್ಲಿ ಸುಮಾರು ಮುನ್ನೂರು ಮಂದಿಯನ್ನು ಕರೆತಂದರು.

ಅಷ್ಟರಲ್ಲಿ ಪುಣೆಯಲ್ಲಿ ಪ್ಲೇಗು. ಹೊಸಬರನ್ನು ಊರೊಳಗೆ ಇಟ್ಟುಕೊಳ್ಳಬಾರದೆಂದು ಸರಕಾರದ ಅಪ್ಪಣೆಯಾಯಿತು. ಹುಡುಗಿಯರೆಲ್ಲ ಕೇಡಗಾವದ ತೋಟಕ್ಕೆ ಬಂದರು. ಮೊದಲಿಗೆ ಡೇರೆ, ಆಮೇಲೆ ಗುಡಿಸಲು, ಆಮೇಲೆ ಕಲ್ಲಿನ ಕಟ್ಟಡ. ಅದಕ್ಕೆ ಮುಕ್ತಿ ಎಂದು ಹೆಸರಿಟ್ಟರು. ಇದೇ ದಿನಗಳಲ್ಲಿ, 1897ರಲ್ಲಿ, ಪ್ಲೇಗಿನ ಹೆಸರಿನಲ್ಲಿ ಪುಣೆಯ ಆಸ್ಪತ್ರೆ ಮತ್ತು ಶಿಬಿರಗಳಲ್ಲಿ ಹೆಂಗಸರನ್ನು ನಡೆಸಿಕೊಂಡ ರೀತಿಯನ್ನು ಖಂಡಿಸಿ ಅವರು ಮುಂಬಯಿಯ ಪತ್ರಿಕೆಗೆ ಕಟುವಾದ ಪತ್ರ ಬರೆದರು. ಸರಕಾರಕ್ಕೆ ಸಿಟ್ಟು ಬಂತು. ಏಕಮನಸ್ಸಿನಿಂದ ದೇವರ ಸೇವೆ ಮಾಡುವುದೆಂದರೆ ಕಣ್ಣೆದುರಿನ ಅನ್ಯಾಯ ಕಾಣದಂತೆ ಕೂರುವುದೆಂದು ಅವರು ತಿಳಿದಿರಲಿಲ್ಲ.

1900ರ ಹೊತ್ತಿಗೆ ಗುಜರಾತಿನ ಬರಗಾಲದಿಂದ ಬಂದವರೂ ಸೇರಿ ಮುಕ್ತಿಯ ಸಂಸಾರ ಎರಡು ಸಾವಿರದ ಸಮೀಪ ಬೆಳೆಯಿತು. ಇಷ್ಟು ಜನರಿಗೆ ದಿನಕ್ಕೆ ಎರಡು ಹೊತ್ತು ಊಟವೆಂದರೆ ಎಷ್ಟು ಜೋಳ ಬೀಸಬೇಕು, ಎಷ್ಟು ಕೊಡ ನೀರು ಸೇದಬೇಕು ಎಂದು ನೀವೇ ಲೆಕ್ಕ ಹಾಕಿ. ಬಂದ ಹುಡುಗಿಯರಲ್ಲಿ ಎಷ್ಟೋ ಜನ ರೋಗಿಗಳು. ಕೆಲವರು ಬಂದ ಕೆಲವೇ ದಿನಗಳಲ್ಲಿ ಸತ್ತರು. ಉಳಿದವರು ಅಕ್ಷರ ಕಲಿತರು. ನೇಯ್ಗೆ, ಹೊಲಿಗೆ, ಎಣ್ಣೆಗಾಣ, ಹೈನು, ತೋಟದ ಕೆಲಸ ಎಲ್ಲವನ್ನೂ ಅವರೇ ನಡೆಸಿದರು. ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವುದರಿಂದ ಹಿಡಿದು ಪುಸ್ತಕ ಕಟ್ಟುವವರೆಗೆ ಹೆಂಗಸರ ಕೈಯೇ. ಮೋಸಹೋದ ಹೆಂಗಸರಿಗಾಗಿ ಕೃಪಾಸದನವಿತ್ತು. ಫುಲ್ಹಮ್‌ನಲ್ಲಿ ಕಂಡದ್ದನ್ನು ಅವರು ಮರೆತಿರಲಿಲ್ಲ. ಕುರುಡು ಹೆಣ್ಣುಮಕ್ಕಳಿಗೆ ಮನೋರಮಾ ಬ್ರೈಲ್ ಲಿಪಿ ಕಲಿಸಿದರು.

ಹಣ ಎಲ್ಲಿಂದ ಬರುತ್ತಿತ್ತು? ಇಂಗ್ಲೆಂಡಿನ ಬ್ರಿಸ್ಟಲ್ಲಿನಲ್ಲಿ ಅನಾಥಾಲಯ ನಡೆಸಿದ ಜಾರ್ಜ್ ಮುಲ್ಲರ್ ಮೊದಲಾದವರ ಜೀವನಚರಿತ್ರೆಗಳನ್ನು ರಮಾಬಾಯಿ ಓದಿದ್ದರು. ಮನುಷ್ಯರ ಮುಂದೆ ಕೈಚಾಚದೆ, ಪ್ರಾರ್ಥನೆಯಲ್ಲಿ ದೇವರನ್ನೇ ಕೇಳುವುದು ಅವರ ಹಾದಿ. ರಮಾಬಾಯಿಯೂ ಅದೇ ಹಾದಿ ಹಿಡಿದರು. ಅಮೆರಿಕೆಯ ಗೆಳೆಯರ ನೆರವು ಮುಂದುವರಿದದ್ದು ಹೌದು. ಮುಕ್ತಿಯ ಸುದ್ದಿಯನ್ನು ತಿಳಿಸುವ ಒಂದು ಇಂಗ್ಲಿಷ್ ಪತ್ರಿಕೆಯೂ ಅಲ್ಲಿಂದ ಹೊರಡುತ್ತಿತ್ತು. ಆದುದರಿಂದ ದೂರದ ಓದುಗರಿಗೆ ಅಲ್ಲಿಯ ಕೊರತೆ ತಿಳಿಯದೆ ಇರಲಿಲ್ಲ. ಆದರೂ ದಿನ ಬೆಳಗಾದರೆ ಎರಡು ಸಾವಿರ ಬಾಯಿಗಳ ಚಿಂತೆ ಹೊತ್ತು, ಯಾರ ಮನೆಯ ಮುಂದೆಯೂ ನಿಲ್ಲದೆ, ಯಾವ ಶ್ರೀಮಂತನ ಮೆಚ್ಚಿಕೆಗೂ ಮಾತು ತಿರುಗಿಸದೆ ಇರುವುದು ಸಣ್ಣ ಧೈರ್ಯವಲ್ಲ. ಹಣದ ಬೆನ್ನು ಹತ್ತುವುದರಲ್ಲಿಯೇ ಮುಗಿದುಹೋದ ಎಷ್ಟು ಒಳ್ಳೆಯ ಸಂಸ್ಥೆಗಳನ್ನು ನಾವು ನೋಡುವುದಿಲ್ಲ!

ಈ ವರ್ಷಗಳಲ್ಲಿ ರಮಾಬಾಯಿ ಹೊರಗಿನ ಉಪನ್ಯಾಸಗಳನ್ನು ಬಹುಮಟ್ಟಿಗೆ ನಿಲ್ಲಿಸಿದರು. ಬಿಳಿಯ ನೂಲಿನ ಸೀರೆ, ಮೋಟು ಕೂದಲು, ಸಾದಾ ಊಟ. ಕಿವಿಯ ಮಂದತನ ವಯಸ್ಸಿನೊಡನೆ ಹೆಚ್ಚಾಗುತ್ತ ಬಂತು. ಒಂದು ಕಾಲಕ್ಕೆ ವೈದ್ಯಳಾಗಬೇಕೆಂಬ ಕನಸನ್ನು ಕೆಡಿಸಿದ್ದ ಆ ಕಿವಿ ಈಗ ಅವರನ್ನು ಗದ್ದಲದಿಂದ ಕಾಪಾಡಿತೆಂದು ಹೇಳಬಹುದೇನೋ. 1905ರಲ್ಲಿ ಮುಕ್ತಿಯಲ್ಲಿ ಪ್ರಾರ್ಥನೆಯ ದೊಡ್ಡ ಅಲೆಯೊಂದು ಎದ್ದಿತು. ನೂರಾರು ಹುಡುಗಿಯರು ಅಳುತ್ತ, ಹಾಡುತ್ತ ಗಂಟೆಗಟ್ಟಲೆ ಪ್ರಾರ್ಥಿಸಿದರು. ಇದರ ಸುದ್ದಿ ದೇಶವಿದೇಶದ ಕ್ರೈಸ್ತರಲ್ಲಿ ಹರಡಿತು.

ಆ ವೇಳೆಗೆ ರಮಾಬಾಯಿ ಇನ್ನೊಂದು ಕೆಲಸಕ್ಕೆ ಕೈಹಾಕಿದ್ದರು. ಮರಾಠಿಯಲ್ಲಿ ಬೈಬಲ್ ಆಗಲೇ ಇತ್ತು. ಆದರೆ ಅದರ ಭಾಷೆ ಮುಕ್ತಿಗೆ ಬಂದ ಹಳ್ಳಿಯ ಹೆಂಗಸರಿಗೆ ಎಟುಕುತ್ತಿರಲಿಲ್ಲ. ಸಂಸ್ಕೃತದ ಭಾರ ಅದರಲ್ಲಿ ಹೆಚ್ಚೆಂದು ಅವರಿಗೆ ಅನ್ನಿಸಿತು. ಸಂಸ್ಕೃತದಲ್ಲಿ ಬಿರುದು ಪಡೆದವರೇ ಈ ಮಾತು ಹೇಳಿದರು ಎಂಬುದನ್ನು ಗಮನಿಸಬೇಕು. ಹೊಲದಲ್ಲಿ ಕಳೆ ಕೀಳುವ ಹೆಂಗಸು ತಾನೇ ಓದಿ ತಿಳಿಯುವಂಥ ಮರಾಠಿಯಲ್ಲಿ ಸತ್ಯವೇದ ಬೇಕು. ಅದಕ್ಕೆ ಇಂಗ್ಲಿಷಿನಿಂದ ಅನುವಾದಿಸಿದರೆ ಸಾಲದು, ಮೂಲವನ್ನೇ ನೋಡಬೇಕು. ಹೀಗೆಂದು ಐವತ್ತರ ಹತ್ತಿರದ ವಯಸ್ಸಿನಲ್ಲಿ ಅವರು ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿಯಲು ಕುಳಿತರು. ಎಳೆಯ ವಯಸ್ಸಿನಲ್ಲಿ ತಾಯಿಯ ಮುಂದೆ ಕುಳಿತು ಶ್ಲೋಕ ಬಾಯಿಪಾಠ ಮಾಡಿದ ಅಭ್ಯಾಸ ಈಗ ನೆರವಿಗೆ ಬಂತು.

ಸದನದ ಆಡಳಿತವನ್ನು ಅವರು ಹೆಚ್ಚುಹೆಚ್ಚಾಗಿ ಮನೋರಮಾ ಮತ್ತು ಜೊತೆಗಾರರ ಕೈಗೆ ಬಿಟ್ಟರು. ತಾವು ಕಟ್ಟಿದ ಸಂಸ್ಥೆಯ ಯಜಮಾನಿಕೆಯನ್ನು ಬಿಡುವುದು ಬಿರುದು ಬಿಡುವುದಕ್ಕಿಂತ ಕಷ್ಟ. ಅದನ್ನು ಕಟ್ಟಿದವರೇ ಬಲ್ಲರು. ಮನೋರಮಾ ಇಂಗ್ಲೆಂಡ್, ಅಮೆರಿಕೆಗಳಲ್ಲಿ ಓದಿ ಬಂದವರು. ಮುಂದೆ 1917ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎ. ಪದವಿಯನ್ನೂ ಪಡೆದರು. ನಿಜಾಮರ ರಾಜ್ಯದಲ್ಲಿದ್ದ ಕನ್ನಡ ನಾಡಿನ ಗುಲ್ಬರ್ಗಾದಲ್ಲಿ ಒಂದು ಶಾಲೆಯನ್ನು ತೆರೆಯಲು ದುಡಿದವರೂ ಅವರೇ. ತಾಯಿಗೆ ಬರವಣಿಗೆಗೆ ಬಿಡುವು ಸಿಗಲೆಂದು ಮಗಳು ತನ್ನ ಆಯುಷ್ಯವನ್ನೇ ಕೊಟ್ಟಳೆಂದರೆ ತಪ್ಪಾಗದು. ತಾಯಿಯ ಏಕಾಗ್ರತೆಯನ್ನು ಹೊಗಳುವಾಗ ಮಗಳ ಈ ಪಾಲನ್ನು ನಾವು ಮರೆಯುವುದುಂಟು.

ಹೀಗೆ ಹದಿನೈದು ವರ್ಷಕ್ಕೂ ಮಿಕ್ಕಿ ಆ ಕೆಲಸ ನಡೆಯಿತು. ಒಂದು ವಾಕ್ಯ ತಿಳಿಯಾಗುವವರೆಗೆ ರಮಾಬಾಯಿ ಮತ್ತೆ ಮತ್ತೆ ತಿದ್ದುತ್ತಿದ್ದರು. ಬರೆದಂತೆ ಹಾಳೆಗಳು ಮುದ್ರಣಾಲಯಕ್ಕೆ ಹೋಗಿ ಮೊಳೆ ಜೋಡಣೆಯಾಗಿ ತಿದ್ದುಪಡಿಗೆ ಹಿಂದಿರುಗುತ್ತಿದ್ದವು. 1919ರಲ್ಲಿ ಸರಕಾರ ಅವರಿಗೆ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. ಆಗಲೂ ಅವರ ಮುಂದಿದ್ದದ್ದು ಅರ್ಧ ತಿದ್ದಿದ ಹಾಳೆಗಳು.

1921ರ ಜುಲೈ 24ರಂದು ಮನೋರಮಾ ತೀರಿಕೊಂಡರು. ವಯಸ್ಸು ನಲವತ್ತು. ತಾಯಿ, ತಂದೆ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಕಳೆದುಕೊಂಡ ರಮಾಬಾಯಿಯವರಿಗೆ ರಕ್ತಸಂಬಂಧವೆಂದು ಉಳಿದಿದ್ದವಳು ಅವಳೊಬ್ಬಳೇ. ತಮ್ಮ ನಂತರ ಮುಕ್ತಿಯನ್ನು ನಡೆಸುವವಳೂ ಅವಳೇ ಎಂದುಕೊಂಡಿದ್ದರು. ಅರವತ್ತಮೂರರ ವಯಸ್ಸಿನಲ್ಲಿ, ಕುಗ್ಗಿದ ದೇಹದಲ್ಲಿ, ಬಿಟ್ಟಿದ್ದ ಆಡಳಿತದ ಭಾರ ಮತ್ತೆ ಹೆಗಲಿಗೆ ಬಂತು. ಬೈಬಲಿನ ಕೊನೆಯ ಹಾಳೆಗಳ ತಿದ್ದುಪಡಿಯೂ ಬಾಕಿಯಿತ್ತು. ಅವರು ಎರಡನ್ನೂ ನಡೆಸಿದರು.

ಮುಂದಿನ ಬೇಸಗೆಗೆ ಕಾಯಿಲೆ ಹೆಚ್ಚಿತು. ತಿದ್ದುಪಡಿ ಮುಗಿಸಲು ಇನ್ನು ಹತ್ತು ದಿನ ಕೊಡೆಂದು ಅವರು ದೇವರನ್ನು ಬೇಡಿಕೊಂಡರೆಂದೂ ಹತ್ತು ದಿನಕ್ಕೆ ಸರಿಯಾಗಿ ಕೆಲಸ ಮುಗಿಯಿತೆಂದೂ ಮುಕ್ತಿಯಲ್ಲಿ ಹೇಳುವುದುಂಟು. 1922ರ ಏಪ್ರಿಲ್ 5ರ ಬೆಳಗಿನ ಜಾವ ನಿದ್ದೆಯಲ್ಲಿಯೇ ಅವರು ತೀರಿಕೊಂಡರು. ಅವರನ್ನು ಕೇಡಗಾವದಲ್ಲಿಯೇ ಮಣ್ಣು ಮಾಡಿದರು.

ಮುದ್ರಣಾಲಯದ ಹೆಂಗಸರು ಕೆಲಸ ನಿಲ್ಲಿಸಲಿಲ್ಲ. ಬರಗಾಲದಲ್ಲಿ ಅಕ್ಷರವರಿಯದೆ ಬಂದು ಮುಕ್ತಿಯಲ್ಲಿ ಓದು ಕಲಿತವರ ಕೈಗಳು ಆ ಮುದ್ರಣಾಲಯದಲ್ಲಿ ದುಡಿಯುತ್ತಿದ್ದವು. ಉಳಿದ ಹಾಳೆಗಳನ್ನು ಅವರು ಅಚ್ಚುಹಾಕಿದರು, ಮಡಚಿದರು, ಹೊಲಿದರು. 1924ರಲ್ಲಿ ರಮಾಬಾಯಿಯವರ ಮರಾಠಿ ಬೈಬಲ್ ಕೇಡಗಾವದಿಂದ ಹೊರಬಂತು.